ಒಂದು ಮೊರ ತೌಡಿಗೆ ಹೋದ ಮಗಳು

ಸ್ವಂತ ಮಗಳನ್ನು ಎತ್ತಿಕೊಳ್ಳಲು ಎದುರುಮನೆಯವರ ಅಪ್ಪಣೆ ಕೇಳಬೇಕಾದ ಗಂಡಸರು ಈ ಭೂಮಂಡಲದಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಕಾಮಸಮುದ್ರ ಹೋಬಳಿಯಲ್ಲಂತೂ ಒಬ್ಬನಿದ್ದ. ಅವನೇ ನಮ್ಮ ಕದಿರಪ್ಪ, ಊರ ಹಾಲಿನ ಡೈರಿಯ ಸೆಕ್ರೆಟ್ರಿ. ಹಾಲಿಗೆ ಲ್ಯಾಕ್ಟೋಮೀಟರು ಇಳಿಬಿಟ್ಟು, "ದೊಡ್ಡವೆಂಕಟಪ್ಪಾ, ಇವತ್ತು ನಿನ್ ಅಸ ಬಾವಿ ನೀರು ಕುಡ್ಕಂಡ್ ಬಂತೋ, ಬಾವೀಗೇ ಬಿದ್ದು ಬಂತೋ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುವ ಧೈರ್ಯ ಊರಿನಲ್ಲಿ ಅವನೊಬ್ಬನಿಗೇ ಇದ್ದದ್ದು. ಅಂಥ ಗಂಡು ಮನೆಗೆ ಬಂದರೆ ತೊಟ್ಟಿಲ ಮುಂದೆ ಕೈಕಟ್ಟಿ ನಿಂತು, "ಗಂಗಕ್ಕಾ, ಒಂದ್ ಕಿತ ಎತ್ಕಳ್ಲಾ?" ಎನ್ನುತ್ತಿದ್ದ. ಎದುರುಮನೆ ಮುನಿಗಂಗಮ್ಮ ಮನಸ್ಸು ಬಂದರೆ ತಲೆಯಾಡಿಸುತ್ತಿದ್ದಳು. ಬಾರದಿದ್ದರೆ, "ಓಗ್ಲಾ, ಮೈಯೆಲ್ಲ ಎಮ್ಮೆ ವಾಸ್ನೆ. ಕೈಕಾಲ್ ತೊಳ್ಕಂಡ್ ಬಾ" ಎಂದು ಅಟ್ಟುತ್ತಿದ್ದಳು.

ಇದಕ್ಕೆಲ್ಲ ಕಾರಣ ತನ್ನ ತಾಯಿ ಅಕ್ಕಯ್ಯಮ್ಮ ಎಂದು ಕದಿರಪ್ಪ ಹೇಳುತ್ತಾನೆ. ಅಕ್ಕಯ್ಯಮ್ಮನನ್ನು ಕೇಳಿದರೆ, ಕಾರಣ ಅವನ ಜೇಬಿನಲ್ಲಿರುವ ಬಾಲ್‌ಪೆನ್ನು ಎನ್ನುತ್ತಾಳೆ. ಇಬ್ಬರ ಮಾತೂ ನಿಜ.

ನಗುವುದಕ್ಕೆ ಮೊದಲು ಒಂದು ವಿಷಯ ಹೇಳಿಬಿಡಬೇಕು. ಈ ಮಗುವಿಗಿಂತ ಮುಂಚೆ ಕದಿರಪ್ಪ ಮತ್ತು ಅವನ ಹೆಂಡತಿ ವೆಂಕಟರತ್ನಮ್ಮನಿಗೆ ಎರಡು ಮಕ್ಕಳಾಗಿದ್ದವು. ಮೊದಲನೆಯ ಗಂಡುಮಗು ಹನ್ನೆರಡು ದಿನ ಇತ್ತು. ಎರಡನೆಯದು ಹೆಣ್ಣು, ಮೂರು ತಿಂಗಳು ಇತ್ತು. ಅಪ್ಪನ ದನಿ ಕೇಳಿದರೆ ಕತ್ತು ತಿರುಗಿಸಿ ನಗುವುದನ್ನೂ ಕಲಿತಿತ್ತು. ಅದೂ ಹೋದ ಮೇಲೆ ರತ್ನಮ್ಮ ಒಂದು ವರ್ಷ ಯಾರ ಮನೆಯ ಮಗುವನ್ನೂ ಕಣ್ಣೆತ್ತಿ ನೋಡಲಿಲ್ಲ. ಪ್ರಪಂಚದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಇಟ್ಟುಕೊಂಡಿದ್ದ ಕದಿರಪ್ಪ, ಆ ವರ್ಷ ಡೈರಿಯಲ್ಲಿ ಯಾರನ್ನೂ ಏನನ್ನೂ ಕೇಳಲಿಲ್ಲ. ಹಾಲಿಗೆ ನೀರು ಬೆರೆಸುವವರಿಗೇ ಬೇಜಾರಾಗುವಷ್ಟು ಸುಮ್ಮನಿದ್ದ.

ಹಾಗಾಗಿ ಎಂಬತ್ನಾಲ್ಕರಲ್ಲಿ ರಾಬರ್ಟ್‌ಸನ್‌ಪೇಟೆ ಆಸ್ಪತ್ರೆಯಲ್ಲಿ ಮೂರನೆಯ ಮಗು ಹುಟ್ಟಿದಾಗ, ನೋಡಲು ಬಂದ ಅಕ್ಕಯ್ಯಮ್ಮ ಮಗುವಿನ ಮುಖ ಸರಿಯಾಗಿ ನೋಡುವ ಮೊದಲೇ ತೀರ್ಪು ಕೊಟ್ಟಳು.

"ಇದನ್ನ ನಮ್ ಮಗು ಅಂತ ಒಸ್ಲು ದಾಟಿಸ್ಬಾರ್ದು. ಬಾಗ್ಲಲ್ಲೇ ಮಾರ್ಬಿಡಣ."

"ಮಾರೋದಾ? ಇದೇನ್ ಸಂತೆ ಕೋಳಿನಾ?" ಎಂದ ಕದಿರಪ್ಪ.

"ತೌಡಿಗೆ ಮಾರೋದು ಕಣ್ಲಾ. ನಮ್ದು ನಮ್ದು ಅಂತ ಇಟ್ಕಂಡ ಎರ್ಡೂ ಓದ್ವು. ಅದು ಮತ್ತೆ ಬಂದು ನೋಡಿದ್ರೆ ಈ ಮನೇಲಿ ಮಗೂನೇ ಇರಬಾರ್ದು. ಇರೋದು ಮುನಿಗಂಗಮ್ಮನ ಮಗು. ಅವಳ ಮೂರು ಗಂಡುಮಕ್ಳೂ ಕಲ್ಲುಗುಂಡಿನಂಗವೆ. ಅವಳ ತಂಟೆಗೆ ಅದು ಬರಲ್ಲ."

(ಅದು ಎಂದರೆ ಯಾವುದು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.)

"ಅಲ್ಲಮ್ಮಾ, ಪ್ರಾಣ ತಗಂಡೋಗಕ್ ಬರೋ ಯಮಂಗೆ ಅಷ್ಟೂ ಬುದ್ಧಿ ಇರಲ್ವಾ? ಒಂದ್ ಮೊರ ತೌಡು ತೋರ್ಸಿದ್ರೆ ದಾರಿ ತಪ್ಪಕ್ಕೆ ಅವನೇನ್ ಎಮ್ಮೇನಾ?"

"ಅವನು ಬರೋದು ಕೋಣದ ಮ್ಯಾಲೆ ತಾನೇ? ಕೋಣ ತೌಡ್ ಕಂಡ್ರೆ ನಿಲ್ಲಲ್ವಾ?"

ಪಶು ಆಹಾರದ ಮೂಟೆಗಳ ನಡುವೆಯೇ ಜೀವನ ಸವೆಸಿದ್ದ ಸೆಕ್ರೆಟ್ರಿಗೆ ಈ ಮಾತನ್ನು ಅಲ್ಲಗಳೆಯಲು ಆಗಲಿಲ್ಲ. ಅಷ್ಟರಲ್ಲಿ ರತ್ನಮ್ಮ ಮಂಚದ ಮೇಲಿಂದ ಮೆಲ್ಲಗೆ, "ಮಾರ್ಬಿಡಣ ಬಾವಾ" ಎಂದಳು. (ಅವಳು ಅವನ ಸೋದರಮಾವನ ಮಗಳು. ಲಂಗ ಉಟ್ಟ ಕಾಲದಿಂದ ಬಾವ ಎಂದೇ ಕರೆದು ಅಭ್ಯಾಸ.)

"ನಾನಂತೂ ಇದನ್ನೆಲ್ಲ ನಂಬಲ್ಲ" ಎಂದು ಕದಿರಪ್ಪ ವಾರ್ಡಿಗೆಲ್ಲ ಕೇಳುವಂತೆ ಘೋಷಿಸಿದ. "ನಿಮ್ಮಿಬ್ರ ಸಮಾಧಾನಕ್ಕೆ ಬೇಕಾದ್ರೆ ಮಾಡ್ಕಳಿ."

ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಗು ಊರಿಗೆ ಬಂದ ದಿನ ಅಕ್ಕಯ್ಯಮ್ಮ ಅದನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಅಂಚಿಗೆ ಒಂದು ಸಲ ಮುಟ್ಟಿಸಿ, ಬಾಗಿಲ ಮುಂದೆ ಇಟ್ಟಳು. ಮುನಿಗಂಗಮ್ಮ ತಲೆಗೆ ಎಣ್ಣೆ ಹಚ್ಚಿ, ಹಬ್ಬದ ಸೀರೆ ಉಟ್ಟು, ಇನ್ನೊಂದು ಮೊರದಲ್ಲಿ ತೌಡು ತುಂಬಿಕೊಂಡು ಬಂದಳು. ಶಾಸ್ತ್ರವೆಂದರೆ ಇಷ್ಟೇ: ಅವಳು ತೌಡು ಕೊಡಬೇಕು, ಇವರು ಮಗು ಕೊಡಬೇಕು, ಯಾರೂ ಕಣ್ಣಲ್ಲಿ ನೀರು ಹಾಕಬಾರದು. ಆದರೆ ತೌಡು ಕಂಡಲ್ಲಿ ಕದಿರಪ್ಪನ ಕೈ ಸುಮ್ಮನಿರುತ್ತದೆಯೇ? ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿದ, ಊದಿದ, ಮೂಸಿದ.

"ಏನಕ್ಕಾ ಇದು, ಅರ್ಧಕ್ಕರ್ಧ ಉಮಿ! ನನ್ ಮಗಳಿಗೆ ಎರಡ್ನೇ ನಂಬರ್ ತೌಡಾ?"

"ನನ್ ಮಗಳು ಅಂದ್ಯಲ್ಲೋ ಪಾಪಿ!" ಎಂದು ಅಕ್ಕಯ್ಯಮ್ಮ ಅವನ ಬೆನ್ನಿಗೆ ಒಂದು ಗುದ್ದಿದಳು. ಥೂ ಥೂ ಎಂದು ಮೂರು ದಿಕ್ಕಿಗೆ ಉಗಿದದ್ದಾಯಿತು. ಮಗುವನ್ನು ಮತ್ತೆ ತಿಪ್ಪೆಗೆ ಮುಟ್ಟಿಸಿದ್ದಾಯಿತು. ಮುನಿಗಂಗಮ್ಮ ಮುಖ ಊದಿಸಿಕೊಂಡು ಮನೆಗೆ ಹೋಗಿ, ಬಂಗಾರಪೇಟೆ ಮಿಲ್ಲಿನ ನಯವಾದ ತೌಡು ತಂದು ಸುರಿದಳು.

ಆಗ ಕದಿರಪ್ಪನಿಗೆ ಹೊಳೆಯಿತು, ಅವನ ಜೀವಮಾನದ ದಿವ್ಯ ಆಲೋಚನೆ. ಮಾಡುವುದೇ ಆದರೆ ಕಾಯಿದೆ ಪ್ರಕಾರ ಮಾಡಬೇಕು. ಬಾಯಿಮಾತಿನ ವ್ಯಾಪಾರವನ್ನು ಡೈರಿಯಲ್ಲೇ ಯಾರೂ ಒಪ್ಪುವುದಿಲ್ಲ, ಇನ್ನು ಯಮಲೋಕದಲ್ಲಿ ಒಪ್ಪುತ್ತಾರೆಯೇ? ಜಗಲಿಯ ಮೇಲೆ ಕೂತು ಬರೆದೇ ಬರೆದ: "ಕದಿರಪ್ಪನಾದ ನಾನು, ಹೆಸರಿಡದ ಒಂದು ಹೆಣ್ಣು ಶಿಶುವನ್ನು ಒಂದು ಮೊರ (ನಯವಾದ) ತೌಡಿಗೆ ಪ್ರತಿಯಾಗಿ ಎದುರುಮನೆ ಮುನಿಗಂಗಮ್ಮನವರಿಗೆ ಶಾಶ್ವತವಾಗಿ ಮಾರಿರುತ್ತೇನೆ. ಸದರಿ ಶಿಶುವನ್ನು ಎತ್ತುವ, ಇಳಿಸುವ, ಮೀಯಿಸುವ, ಹೆಸರಿಡುವ ಸಕಲ ಹಕ್ಕುಗಳೂ ಅವರವೇ. ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ತಕರಾರೂ ಇರುವುದಿಲ್ಲ." (ಇರುವ ಒಬ್ಬಳೇ ವಾರಸುದಾರಳನ್ನು ಮಾರುತ್ತಿದ್ದೇನೆ ಎಂಬುದು ಬರವಣಿಗೆಯ ಭರದಲ್ಲಿ ಮರೆತಿತ್ತು.) ಕೆಳಗೆ ಡೈರಿಯ ದುಂಡು ಮೊಹರು ಒತ್ತಿದ. ಮುನಿಗಂಗಮ್ಮ ಹೆಬ್ಬೆಟ್ಟು ಒತ್ತಿ, ಕಾಗದವನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಸೇರಿಸಿ, ಮಗುವನ್ನು ಎತ್ತಿಕೊಂಡಳು. ಮೂರು ಗಂಡು ಹೆತ್ತು, ಹೆಣ್ಣಿಗಾಗಿ ಇಪ್ಪತ್ತು ವರ್ಷ ಹಂಬಲಿಸಿದ್ದ ಹೆಂಗಸು ಅವಳು.

ಮಾರನೆಯ ದಿನದಿಂದ ಅವಳ ದರ್ಬಾರು ಶುರುವಾಯಿತು. ಮಗು ಇದ್ದದ್ದೇನೋ ಕದಿರಪ್ಪನ ಮನೆಯಲ್ಲೇ, ತಾಯಿ ಹತ್ತಿರವೇ. ಆದರೆ ಬೆಳಗಾಗುವುದೇ ತಡ ಒಡತಿ ಹಾಜರು. ಎಣ್ಣೆ ತಿಕ್ಕಿ ನೀರು ಹಾಕುವುದು ಅವಳು, ಸಾಂಬ್ರಾಣಿ ಹೊಗೆ ಕೊಡುವುದು ಅವಳು, ಮೂಗು ಚುಚ್ಚಿಸಿದವಳೂ ಅವಳೇ. ಚಿನ್ನದ ಗಣಿ ಪಕ್ಕ ಹುಟ್ಟಿದವಳೆಂದು ಕದಿರಪ್ಪ ಸುವರ್ಣ ಎಂಬ ಹೆಸರು ಆರಿಸಿಟ್ಟಿದ್ದ.

"ಚಿನ್ನ ಅಂದ್ರೆ ಕಳ್ರ ಕಣ್ಣು ಬೀಳ್ತದೆ" ಎಂದಳು ಮುನಿಗಂಗಮ್ಮ. "ತೌಡಮ್ಮ ಅನ್ನಣ. ತೌಡನ್ನ ಯಾರ್ ಕದೀತಾರೆ?"

ಕದಿರಪ್ಪ ತಕರಾರು ತೆಗೆದ. ಅವಳು ಚೀಲದಿಂದ ಕಾಗದ ತೆಗೆದಳು. ಮಗು ತೌಡಮ್ಮ ಆಯಿತು.

"ಏನೇ ಇದು ಅನ್ಯಾಯ?" ಎಂದು ಅವನು ಹೆಂಡತಿಯ ಹತ್ತಿರ ಗೋಳಾಡಿದ. "ಆಲ್ ಕುಡ್ಸೋಳು ನೀನು, ಗತ್ತು ಅವಳ್ದಾ?"

"ಡೈರೀಲಿ ನೀನ್ ಮಾಡೋದೂ ಅದೇ ಅಲ್ವಾ ಬಾವಾ? ಆಲು ಅವರಿವರ್ದು, ಗತ್ತು ನಿಂದು."

ರತ್ನಮ್ಮ ಹಾಗೆ ಎದುರುತ್ತರ ಕೊಟ್ಟು ಎರಡು ವರ್ಷವಾಗಿತ್ತು. ಕದಿರಪ್ಪನಿಗೆ ರೇಗಿದರೂ ಒಳಗೊಳಗೆ ಹಿತವಾಯಿತು.

ಮಗುವಿಗೆ ಮೂರು ತಿಂಗಳು ತುಂಬಿದ ವಾರ ಮೈ ಕೆಂಡದಂತೆ ಸುಟ್ಟಿತು. ರಾಬರ್ಟ್‌ಸನ್‌ಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿ ಔಷಧಿ ತಂದರು. ಎರಡು ದಿನ ಮುನಿಗಂಗಮ್ಮ ತೊಟ್ಟಿಲು ಬಿಟ್ಟು ಏಳಲಿಲ್ಲ. "ನನ್ ಮಗೂಗೆ ಏನೂ ಆಗಲ್ಲ ಬಿಡ್ರಿ, ನನ್ ಮಕ್ಳು ಕಲ್ಲುಗುಂಡು" ಎಂದು ಗೋಡೆಗೂ ಕೇಳುವಂತೆ ಹೇಳುತ್ತಲೇ ಇದ್ದಳು. ನನ್ ಮಗು ಎಂಬ ಆ ಮಾತು ಕೇಳಿ ಕದಿರಪ್ಪನಿಗೆ ಮೊದಲ ಸಲ ಕೋಪ ಬರಲಿಲ್ಲ. ಅವನು ಡೈರಿಗೆ ಹೋಗಿ ಕೂತ. ಅಳೆದು ನೋಡದೆ ಎಲ್ಲರ ಹಾಲಿಗೂ ಒಂದೇ ಫ್ಯಾಟು, ಅದೂ ಮೇಲಿನದನ್ನೇ, ಬರೆದ. ಆ ಎರಡು ದಿನ ಊರಿನ ಬಡಕಲು ಹಸುಗಳೆಲ್ಲ ಜಾತಿಹಸುಗಳಾದವು. ಸೆಕ್ರೆಟ್ರಿಗೆ ಒಳ್ಳೆಯ ಬುದ್ಧಿ ಬಂತೆಂದು ಜನ ಹರಸಿದರು.

ಮೂರನೆಯ ಬೆಳಗ್ಗೆ ಜ್ವರ ಇಳಿಯಿತು. ಕದಿರಪ್ಪ ಎದೆಯುಬ್ಬಿಸಿ, "ನೋಡಿದ್ರಾ? ಔಷಧಿ ಕಣ್ರೀ, ಔಷಧಿ! ತೌಡಲ್ಲ!" ಎಂದ. ಹೆಂಗಸರು ಮೂವರೂ ಅವನನ್ನು ನೋಡಿ, ತಮ್ಮ ಕೆಲಸಕ್ಕೆ ಹೋದರು.

ವರ್ಷ ತುಂಬಿತು. ಬಂಗಾರಪೇಟೆ ಕಡೆಯ ಮನೆದೇವರಿಗೆ ಮುಡಿ ಕೊಡುವುದು, ಅದಕ್ಕೆ ಮೊದಲು ಮಗುವನ್ನು ಬಿಡಿಸಿಕೊಳ್ಳುವುದು ಎಂದು ನಿಶ್ಚಯವಾಯಿತು. ಕದಿರಪ್ಪ ಒಂದು ಮೊರವಲ್ಲ, ಒಂದು ಮೂಟೆ ಮೊದಲನೇ ದರ್ಜೆಯ ತೌಡನ್ನು ಹೊರಿಸಿಕೊಂಡು, ದಿಗ್ವಿಜಯಕ್ಕೆ ಹೊರಟ ರಾಜನಂತೆ ಬೆಳಗ್ಗೆಯೇ ಎದುರುಮನೆ ಬಾಗಿಲಿಗೆ ಹೋದ. ಮುನಿಗಂಗಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕಾಗದ ತೆಗೆದಳು.

"ರಾಮಚಂದ್ರಪ್ಪ ಮೇಷ್ಟ್ರ ಕೈಲಿ ಎರಡ್ ಸಲ ಓದಿಸಿದೀನಿ. ವಾಪಸ್ ಕೊಡೋ ಮಾತೇ ಇದ್ರಲ್ಲಿ ಇಲ್ವಂತೆ."

ಕದಿರಪ್ಪ ಓದಿ ನೋಡಿದ. ಇರಲಿಲ್ಲ. ಶಾಶ್ವತವಾಗಿ ಎಂಬ ಪದದ ಕೆಳಗೆ ತಾನೇ ಗೆರೆ ಎಳೆದಿದ್ದ.

"ಅಕ್ಕಾ, ನಿನ್ ದಮ್ಮಯ್ಯ..."

ಅವನ ಮುಖ ನೋಡಲಾಗದೆ ಮುನಿಗಂಗಮ್ಮ ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ತಗಳಪ್ಪಾ. ಬೀದಿ ಕಡೆ ತಿರುಗಿ, ಈ ಮಗು ನಂದು ಅಂತ ಮೂರ್ ಸಲ ಗಟ್ಟಿಯಾಗಿ ಕೂಗಿ ಎತ್ಕ. ಅಲ್ಲಿಗೆ ನಿಂದಾಯ್ತು."

ವರ್ಷವಿಡೀ ಅವನು ಕಾದಿದ್ದದ್ದು ಇದಕ್ಕೇ. ಬೀದಿ ಕಡೆ ತಿರುಗಿದ. ಗಂಟಲು ಸರಿಮಾಡಿಕೊಂಡ. "ಈ ಮಗು..." ಎಂದ. ನಿಲ್ಲಿಸಿದ. ಅವನ ಕಣ್ಣು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಹೋಗಿ ಬಂತು. ಬೀದಿಯಲ್ಲಿ ಯಾರೂ ಇರಲಿಲ್ಲ. ಆದರೂ ಇನ್ನೊಂದು ಸಲ ನೋಡಿದ. ನಂದು ಎಂದು ಎರಡು ಸಲ ಹೇಳಿದ್ದು, ಎರಡು ಸಲವೂ ಏನಾಯಿತೆಂದು ಅವನಿಗೆ ಚೆನ್ನಾಗಿ ನೆನಪಿತ್ತು.

"ಗಂಗಕ್ಕಾ" ಎಂದು ಹತ್ತಿರ ಹೋಗಿ ಪಿಸುಗುಟ್ಟಿದ, "ಇನ್ನೊಂದ್ ವರ್ಷ ನಿನ್ ಎಸರಲ್ಲೇ ಇರ್ಲಿ."

"ಯಾಕ್ ಬಾವಾ, ನಂಬಲ್ಲ ಅಂತಿದ್ದೆ?" ಎಂದಳು ಅತ್ತೆಯ ಜೊತೆ ಹಿಂದೆಯೇ ಬಂದು ನಿಂತಿದ್ದ ರತ್ನಮ್ಮ.

"ನಾನ್ ನಂಬಲ್ಲ ಕಣೇ. ಆದ್ರೆ ನಾನ್ ನಂಬಲ್ಲ ಅಂತ ಅದಕ್ಕೆ ಗೊತ್ತಿರ್ಬೇಕಲ್ಲ!"

ಅಕ್ಕಯ್ಯಮ್ಮ ತಲೆ ಚಚ್ಚಿಕೊಂಡಳು. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಶಾಸ್ತ್ರ ಅರ್ಧಕ್ಕೇ ನಿಂತು, ಮಗು ಯಾರದೆಂದು ತೀರ್ಮಾನವಾಗದೆಯೇ ಎಲ್ಲರೂ ಬಸ್ಸು ಹತ್ತಿದರು.

ಬಸ್ಸು ತುಂಬಿ ತುಳುಕುತ್ತಿತ್ತು. ಗಂಡಸರ ಕಡೆ ಒಂದು ಸೀಟು ಸಿಕ್ಕಿದ್ದರಿಂದ ಮಗು ಕದಿರಪ್ಪನ ತೊಡೆಗೆ ಬಂತು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರು ಮಾತಿಗೆ ಕೇಳಿದ:

"ನಿಮ್ ಮಗೂನಾ ಸೆಕ್ರೆಟ್ರಿ?"

"ನಮ್ದಲ್ಲಪ್ಪಾ" ಎಂದ ಕದಿರಪ್ಪ ತಕ್ಷಣ, ಗಟ್ಟಿಯಾಗಿ. "ಎದುರುಮನೇದು."

ಕಂಡಕ್ಟರು ಮಗುವಿನ ಮೂಗು ನೋಡಿದ. ಕದಿರಪ್ಪನ ಮೂಗು ನೋಡಿದ. ಎರಡೂ ಒಂದೇ ಬಾಣಲೆಯಲ್ಲಿ ಕರಿದ ಬೋಂಡಾಗಳಂತಿದ್ದವು. ಅವನ ಕೈಯ ಟಿಕೆಟ್ ಪಂಚು ಅಲ್ಲೇ ನಿಂತಿತು.

"ಓಹೋ, ಎದುರುಮನೇದು!" ಎಂದು ರಾಗ ಎಳೆದ.

"ಎದುರುಮನೆ ಅಂದ್ರೆ ಬಲೇ ಅತ್ರ ಬಿಡಪ್ಪಾ" ಎಂದ ಹಿಂದಿನ ಸೀಟಿನಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಕೋದಂಡಪ್ಪ, ಪಕ್ಕದೂರಿನವನು.

ಬಸ್ಸೆಲ್ಲ ಗೊಳ್ಳೆಂದಿತು. ಐವತ್ತು ದಾಟಿದ ಮುನಿಗಂಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕದಿರಪ್ಪ ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದ. ರತ್ನಮ್ಮ ಕಿಟಕಿಯಾಚೆ ನೋಡುತ್ತ, ನಿಧಾನವಾಗಿ, "ನಂಗೇನ್ ಗೊತ್ತು ಕಂಡಕ್ಟರಣ್ಣಾ? ನಾನೂ ಒಂದ್ ವರ್ಷದಿಂದ ಕೇಳ್ತಾನೇ ಇದೀನಿ" ಎಂದಳು.

ಮಗುವನ್ನು ಎತ್ತಿಕೊಂಡೇ ಕದಿರಪ್ಪ ಎದ್ದ ರಭಸಕ್ಕೆ ತಲೆ ಮೇಲಿನ ಕಂಬಿಗೆ ಬಡಿಯಿತು. "ಏಯ್! ಈ ಮಗು ನಂದು ಕಣಯ್ಯಾ! ಕಟ್ಕಂಡ್ ಎಂಡ್ತಿ ಹೆತ್ತಿದ್ದು! ಈ ಮಗು ನಂದು! ಕಿವಿ ಕೇಳ್ಸುತ್ತಾ ಎಲ್ಲಾರ್ಗೂ? ಈ ಮಗು ನಂದು!"

ಬಸ್ಸೆಲ್ಲ ಅವನ ಕಡೆ ತಿರುಗಿತು.

"ಮೂರಾಯ್ತು" ಎಂದಳು ರತ್ನಮ್ಮ ಮುನಿಗಂಗಮ್ಮನ ಕೈ ಹಿಡಿದುಕೊಂಡು. "ಮೂರಾಯ್ತು ಗಂಗಕ್ಕಾ. ಇನ್ನು ಇವಳು ನಮ್ಮೋಳು." ಮುನಿಗಂಗಮ್ಮ ಸೆರಗಿನೊಳಗಿಂದಲೇ ತಲೆಯಾಡಿಸಿದಳು.

ಕದಿರಪ್ಪನಿಗೆ ತಾನು ಏನು ಮಾಡಿದೆನೆಂದು ಆಗ ಅರ್ಥವಾಯಿತು. ಸೀಟಿನಲ್ಲಿ ಕೂತ. ಮಗುವನ್ನು ಎರಡೂ ಕೈಯಿಂದ ಬಿಗಿಯಾಗಿ ತಬ್ಬಿಕೊಂಡ. ಅದು ಅವನ ಮೀಸೆ ಕಿತ್ತಿತು.

ಹಿಂದಿನ ಸೀಟಿನಿಂದ ಕೋದಂಡಪ್ಪ ಪಕ್ಕದವನಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಇಷ್ಟ್ ಬಾಯ್ ಬಡ್ಕಂತಾನೆ ಅಂದ್ರೆ ಇವನ್ದಲ್ಲ ಬಿಡು. ನಾನಂತೂ ನಂಬಲ್ಲ."

"ನಾನೂ ನಂಬಲ್ಲ" ಎಂದ ಪಕ್ಕದವನು. ಕಂಡಕ್ಟರೂ ನಗುತ್ತ ತಲೆಯಾಡಿಸಿದ.

ಮಾನ ಮರ್ಯಾದೆಗೆ ಪ್ರಾಣ ಬಿಡುವ ಗಂಡು ಕದಿರಪ್ಪ. ಈಗ ಎದ್ದು ಹೊಡೆದಾಟಕ್ಕೇ ನಿಲ್ಲುತ್ತಾನೆಂದು ರತ್ನಮ್ಮ ಹೆದರಿ ತಿರುಗಿ ನೋಡಿದಳು. ಅವನ ಮುಖ ಅರಳಿತ್ತು. ಕಣ್ಣು ತುಂಬಿತ್ತು. ಅವಳ ಕಡೆಗೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದ:

"ಒಬ್ರೂ ನಂಬ್ಲಿಲ್ಲ ಕಣೇ! ಇನ್ನು ಅದೂ ನಂಬಲ್ಲ. ಒಳ್ಳೇದಾಯ್ತು."