ಸವತಿಯ ತೋಳುಗಳು

ಎಲ್ಲ ರಗಳೆಗೂ ಮೂಲ ಹೆಬ್ಬೆರಳಿಗೆ ಉಂಗುರವಾಗುವಷ್ಟು ಪುಟ್ಟ ರಬ್ಬರ್ ಬುಶ್‌ಗಳು. ಗಡಿಯಾರ ರಿಪೇರಿಯವರ ಕೆಂಪು ಕಾರಿನ ಮುಂದಿನ ಚಕ್ರಗಳನ್ನು ಎರಡು ಕಬ್ಬಿಣದ ತೋಳುಗಳು ಹಿಡಿದುಕೊಂಡಿದ್ದವು. ಆ ತೋಳುಗಳ ತುದಿಯ ತೂತುಗಳಲ್ಲಿ ಕೂತು ಕುಲುಕಾಟ ತಡೆಯಬೇಕಿದ್ದ ಬುಶ್‌ಗಳು ಸವೆದು ಪುಡಿಯಾಗಿದ್ದವು. ಎರಡೇ ಸೀಟಿನ, ನಲವತ್ತೈದು ವರ್ಷ ಹಳೆಯ ಆ ಸ್ಪೋರ್ಟ್ಸ್ ಕಾರು ಸಣ್ಣ ಗುಂಡಿಗೂ ಹಲ್ಲು ಬರುತ್ತಿರುವ ಮಗುವಿನಂತೆ ರಚ್ಚೆ ಹಿಡಿಯುತ್ತಿತ್ತು. ಸರಿಮಾಡುತ್ತೇನೆಂದು ಅವರು ಚಕ್ರ ಕಳಚಿ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಟು ತಿಂಗಳಾಗಿತ್ತು.

ಹೆಂಡತಿ ಆ ಕಾರಿಗೆ ಇಟ್ಟ ಹೆಸರು ಸವತಿ. ಹೋದ ಭಾನುವಾರ ತವರಿಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಹೇಳಿದ್ದಳು: "ಮುಂದಿನ ಭಾನುವಾರ ಸಂಜೆ ಆರಕ್ಕೆ ಅಮ್ಮನ್ನ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ನನ್ನ ಸವತಿ ತನ್ನ ಕಾಲ ಮೇಲೆ ತಾನು ನಿಂತಿರಬೇಕು. ಇಲ್ಲಾಂದ್ರೆ ಗುಜರಿಯವನ ಲಾರಿ ಬರುತ್ತೆ. ಫೋನ್ ಮಾಡಿ ಹೇಳಿಯಾಗಿದೆ."

ಗಡಿಯಾರದವರದು ನಿಧಾನದ ಜೀವ. ಯಾವ ನಟ್ಟನ್ನು ಮೊದಲು ಬಿಚ್ಚಬೇಕೆಂದು ಯೋಚಿಸುವುದರಲ್ಲೇ ಆರು ದಿನ ಕಳೆದವು. ಏಳನೆಯ ದಿನ ಬೆಳಿಗ್ಗೆ, ಅಭ್ಯಾಸದಂತೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಾರಿನ ಕೆಳಗೆ ತೂರಿದರು. ಮೊದಲ ಬೋಲ್ಟೇ ಅಲುಗಾಡಲಿಲ್ಲ.

ಎದುರುಮನೆಯ ನಿವೃತ್ತ ರೈಲು ಡ್ರೈವರ್ ಕಾಫಿ ಲೋಟ ಹಿಡಿದೇ ಬಂದರು. "ಏನ್ರೀ ಅದು, ಬೋಲ್ಟಿಗೆ ಕಚಗುಳಿ ಇಡ್ತಿದೀರಾ? ಸರೀರಿ ಆಚೆ."

ಸ್ಪ್ಯಾನರಿನ ಹಿಡಿಗೆ ಮಾರುದ್ದದ ಪೈಪು ತೊಡಿಸಿ, ಮೈಭಾರವನ್ನೆಲ್ಲ ಬಿಟ್ಟು ಎಳೆದರು. ಟಣ್ ಎಂದಿತು. ಬೋಲ್ಟು ಸಡಿಲವಾಯಿತು; ರೈಲಿನವರು ಹಿಂದಿದ್ದ ಹೂವಿನ ಕುಂಡದಲ್ಲಿ ಕೂತಿದ್ದರು.

"ಬಂತು ನೋಡಿ!" ಎಂದರು, ಕುಂಡದಿಂದಲೇ.

ಸದ್ದಿಗೆ ಮಹಡಿ ಮನೆಯ ದಂತವೈದ್ಯರು ಪೈಜಾಮದಲ್ಲೇ ಇಳಿದು ಬಂದರು. ಕಳಚಿದ ತೋಳುಗಳಲ್ಲಿ ಹಳೆಯ ಬುಶ್‌ಗಳು ಕಚ್ಚಿಕೊಂಡಿದ್ದವು. "ಕೀಳೋದು ನನ್ನ ಕೆಲಸ, ನೀವು ಮುಟ್ಟಬೇಡಿ" ಎಂದು ಪಕ್ಕಕ್ಕೆ ಕೂತು, "ಸ್ವಲ್ಪ ನೋಯುತ್ತೆ, ಅಲ್ಲಾಡಬೇಡಿ" ಎಂದು ತೋಳಿಗೇ ಹೇಳಿ ಇಕ್ಕಳ ಹಾಕಿದರು. ಪ್ರತಿ ಬುಶ್ ಹೊರಬಂದಾಗಲೂ ಅದನ್ನು ಬೆಳಕಿಗೆ ಹಿಡಿದು, "ಬೇರಿನ ತನಕ ಹುಳುಕು" ಎಂದು ನಿಟ್ಟುಸಿರಿಟ್ಟರು.

ಮೂವರೂ ಸೇರಿ ತುಕ್ಕು ಉಜ್ಜಿ, ಕಪ್ಪು ಬಣ್ಣ ಬಳಿಯುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಆಗ ಗಡಿಯಾರದವರು ಬಣ್ಣದ ಡಬ್ಬದ ಮೇಲಿದ್ದುದನ್ನು ಓದಿದರು: ಒಣಗಲು ಇಪ್ಪತ್ತನಾಲ್ಕು ಗಂಟೆ. ಉಳಿದಿದ್ದದ್ದು ಐದು.

ಮೂವರ ಕಣ್ಣೂ ಒಟ್ಟಿಗೆ, ಕಿಟಕಿಯೊಳಗೆ ಕಾಣುತ್ತಿದ್ದ ಅಡುಗೆಮನೆಯ ಓವನ್ ಕಡೆ ಹೊರಳಿದವು.

"ಮನೆಯವರು?" ಎಂದು ಪಿಸುಗುಟ್ಟಿದರು ದಂತವೈದ್ಯರು.

"ಊರಲ್ಲಿಲ್ಲ."

"ಮತ್ತೆ ಮೀನಮೇಷ ಯಾಕೆ?"

ತೋಳುಗಳು ಓವನ್ ಸೇರಿದವು, ಎಂಟು ತಿಂಗಳ ಹಿಂದೆಯೇ ತಂದಿಟ್ಟಿದ್ದ ಹೊಸ ಬುಶ್‌ಗಳು ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಮಲಗಿದವು. "ಬಿಸಿಗೆ ತೋಳಿನ ತೂತು ಹಿಗ್ಗುತ್ತೆ, ಚಳಿಗೆ ಬುಶ್ ಕುಗ್ಗುತ್ತೆ" ಎಂದರು ಗಡಿಯಾರದವರು, ಜೀವಮಾನದಲ್ಲಿ ಮೊದಲ ಬಾರಿಗೆ ದೊಡ್ಡ ದನಿಯಲ್ಲಿ. ಹಾಗೆಯೇ ಆಯಿತು. ಅಪ್ಪನ ಚಪ್ಪಲಿಯೊಳಗೆ ಮಗುವಿನ ಕಾಲು ಹೋದಂತೆ ಬುಶ್‌ಗಳು ಸಲೀಸಾಗಿ ಒಳಗೆ ಹೋದವು.

ನಾಲ್ಕೂವರೆಗೆ ತೋಳುಗಳೂ ಚಕ್ರಗಳೂ ಕಾರಿಗೆ ಸೇರಿದವು. ಹುಮ್ಮಸ್ಸಿನಲ್ಲಿದ್ದ ರೈಲಿನವರು ಪೈಪು ಹಾಕಿ ಎಲ್ಲ ಬೋಲ್ಟನ್ನೂ ಬಿಗಿದೇಬಿಟ್ಟರು. ಜ್ಯಾಕ್ ಇಳಿಸಿ ನೋಡಿದರೆ, ಕಾರು ಮುನಿಸಿಕೊಂಡ ನಾದಿನಿಯಂತೆ ಮೂತಿ ಮೇಲೆತ್ತಿ ನಿಂತಿತ್ತು.

"ಅಯ್ಯೋ, ಚಕ್ರ ನೇತಾಡ್ತಿರೋವಾಗ ಬಿಗಿ ಮಾಡಿದ್ರೆ ರಬ್ಬರ್ ಹಾಗೇ ಹಿಡ್ಕೊಂಡುಬಿಡುತ್ತೆ!" ಗಡಿಯಾರದವರು ತಲೆ ಮೇಲೆ ಕೈ ಹೊತ್ತರು. "ಕಾರಿನ ಭಾರ ನೆಲಕ್ಕೆ ಬಿದ್ದ ಮೇಲೆ ಬಿಗಿ ಮಾಡಬೇಕಿತ್ತು."

"ಮೊದಲೇ ಹೇಳೋಕೇನಾಗಿತ್ತು?"

"ನೀವು ಮಾತಾಡೋಕೆ ಬಿಟ್ರೆ ತಾನೇ!"

ಬೋಲ್ಟುಗಳು ಮತ್ತೆ ಸಡಿಲಾದವು. ರೈಲಿನವರೂ ದಂತವೈದ್ಯರೂ ಮುಂದಿನ ಬಂಪರಿನ ಮೇಲೆ ಅಕ್ಕಪಕ್ಕ ಕೂತು, ತೊಟ್ಟಿಲು ತೂಗುವಂತೆ ಮೈ ತೂಗಿದರು. ಕಾರು ಮುನಿಸು ಬಿಟ್ಟು ಮೂತಿ ಇಳಿಸಿತು. ಗಡಿಯಾರದವರು ಕೆಳಗೆ ತೆವಳಿ, ಈ ಸಲ ತಾವೇ ಬಿಗಿದರು. ಬೀದಿಯ ತುದಿಯವರೆಗೆ ಓಡಿಸಿಕೊಂಡು ಬಂದರು. ಕಿರ್ ಇಲ್ಲ, ಮರ್ ಇಲ್ಲ. ಆರಕ್ಕೆ ಐದು ನಿಮಿಷವಿರುವಾಗ ಸವತಿ ಮನೆಯ ಮುಂದೆ ತನ್ನ ಕಾಲ ಮೇಲೆ ತಾನು ನಿಂತಿದ್ದಳು. ಅವಳ ಯಜಮಾನರಿಗೆ ಮಾತ್ರ ನಿಲ್ಲಲಾಗುತ್ತಿರಲಿಲ್ಲ.

ಆರಕ್ಕೆ ಸರಿಯಾಗಿ ಟ್ಯಾಕ್ಸಿ ಬಂತು. ಹೆಂಡತಿ ಇಳಿದವಳೇ ಗಲ್ಲದ ಮೇಲೆ ಕೈಯಿಟ್ಟಳು. "ನಿಜವಾಗ್ಲೂ ಮಾಡಿಬಿಟ್ರಾ!"

"ಲಾರಿಯವನಿಗೆ ಬೇಡ ಅಂತ ಹೇಳಿಬಿಡು" ಎಂದರು ಗಡಿಯಾರದವರು, ಎದೆಯುಬ್ಬಿಸಿ.

"ಅವನಿಗಾ? ಬುಧವಾರಾನೇ ಹೇಳಿದೆ. ನಿಮ್ಮ ಮುಖ ನೆನಪಾಗಿ ಪಾಪ ಅನ್ನಿಸ್ತು."

ಅಷ್ಟರಲ್ಲಿ ಅತ್ತೆ ಇಳಿದರು. ಅವರ ಹಿಂದೆ ಟ್ಯಾಕ್ಸಿಯವನು ಒಂದು ಪೆಟ್ಟಿಗೆಯನ್ನು ಏದುಸಿರು ಬಿಡುತ್ತ ಹೊತ್ತು ತಂದ.

"ಅಳಿಯಂದಿರೇ, ನಿಮಗೇ" ಎಂದರು ಅತ್ತೆ. "ಕಾರಿನ ತೋಳು ಹೋಗಿ ನೀವು ಸೊರಗ್ತಿದೀರಾ ಅಂತ ಇವಳು ಅತ್ಲು. ಮೂರು ದಿನ ಗುಜರಿ ಅಂಗಡಿಗಳನ್ನೆಲ್ಲ ಅಲೆದು ಹುಡುಕಿದೆ."

ಪೆಟ್ಟಿಗೆಯೊಳಗೆ, ಹಸುಗೂಸುಗಳಂತೆ ಟವೆಲಿನಲ್ಲಿ ಸುತ್ತಿದ್ದ, ಯಾರೂ ಬಳಸದ ಎರಡು ಹೊಚ್ಚಹೊಸ ತೋಳುಗಳಿದ್ದವು.

"ದಾರಿಯುದ್ದಕ್ಕೂ ತೊಡೆ ಮೇಲೇ ಇಟ್ಕೊಂಡಿದ್ರು ಅಮ್ಮ" ಎಂದು ಹೆಂಡತಿ ಗಂಡನ ಕಿವಿಯಲ್ಲಿ ಹೇಳಿದಳು. "ಹಾಕಲ್ಲ ಅಂದ್ರೆ ನೊಂದ್ಕೋತಾರೆ."

ಗಡಿಯಾರದವರು ತೋಳುಗಳನ್ನು ಹೊರಳಿಸಿ ನೋಡಿದರು. ಥಟ್ಟನೆ ಅವರ ಮುಖಕ್ಕೆ ಕಳೆ ಬಂತು. ಇದ್ದಷ್ಟು ದುಃಖವನ್ನೂ ದನಿಗೆ ತಂದುಕೊಂಡು ಹೇಳಿದರು: "ಛೇ, ಅತ್ತೆ, ಹೀಗಾಗಬಾರದಿತ್ತು. ಇವೆರಡೂ ಎಡಗಡೆಯವು. ಬಲಗಡೆಗೆ ಕೂರೋದೇ ಇಲ್ಲ."

ಅತ್ತೆಯ ಮುಖ ಬಾಡಿತು. ಒಂದು ಗಳಿಗೆ ಯೋಚಿಸಿದರು. ಮತ್ತೆ ಅರಳಿತು.

"ಅದಕ್ಕೇನಂತೆ? ಎಡಗಡೆಗೆ ಒಂದನ್ನ ಈಗ ಹಾಕಿ. ಅದು ಸವೆದ ಮೇಲೆ ಇನ್ನೊಂದು ಹಾಕೋರಂತೆ. ಒಂದು ಕುರ್ಚಿ ಕೊಡಿ, ನಾನು ಕೂತು ನೋಡ್ತೀನಿ."

ಏನಾದರೂ ಹೇಳು ಎಂಬಂತೆ ಗಡಿಯಾರದವರು ಹೆಂಡತಿಯ ಕಡೆ ನೋಡಿದರು. ಅವಳು ಕುರ್ಚಿ ತರಲು ಒಳಗೆ ಹೊರಟಿದ್ದಳು. ಬೆನ್ನ ಹಿಂದೆ ಏನೋ ಸದ್ದಾಯಿತು. ತಿರುಗಿದರೆ, ಯಾರೂ ಹೇಳದೆಯೇ ದಂತವೈದ್ಯರು ಜ್ಯಾಕ್ ತಿರುಗಿಸುತ್ತಿದ್ದರು. ಕಾರಿನ ಎಡಗಡೆ ಆಗಲೇ ಮೇಲೇಳುತ್ತಿತ್ತು.