ಸೋಲುವವರ ಪಂಕ್ತಿಯಲ್ಲಿ ನಮ್ಮ ಬೀಗರು

ಭೂತಾನದ ಗೋಲ್‌ಕೀಪರನ ಮಂಡಿಗೆ ಪೆಟ್ಟಾದರೆ ನ್ಯಾಮತಿಯಲ್ಲೊಬ್ಬರು ಕುಂಟುತ್ತಾರೆ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಕಣ್ಣಾರೆ ಕಾಣುವವರೆಗೆ ನಾನೂ ನಂಬಿರಲಿಲ್ಲ. ಆ ದಿನ ನಾನು ಹೋದಾಗ ಅವರು ಜಗಲಿಯ ಮೇಲೆ ಕೂತು ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಏನಾಯ್ತು ಬೀಗ್ರೇ, ಎಲ್ಲಿ ಬಿದ್ರಿ?" ಎಂದೆ.

"ನಾನೆಲ್ಲಿ ಬಿದ್ದೆ? ಅವನು ಬಿದ್ದ!" ಎಂದರು.

ಹೌದು, ಅವರು ನನ್ನ ಬೀಗರು. ನನ್ನ ಸೊಸೆಯ ತಂದೆ. ಹೆಸರು ಬೇಡ. ನ್ಯಾಮತಿಯ ಬಸ್‌ ಸ್ಟ್ಯಾಂಡಿನಲ್ಲಿ ಇಳಿದು "ಫುಟ್ಬಾಲ್ ಸಾವ್ಕಾರ್ರ ಮನೆ" ಎಂದು ಕೇಳಿದರೆ ಸಾಕು, ಹಗ್ಗ, ಗೋಣಿಚೀಲ, ತಾಡಪಾಲು ಮಾರುವ ಅಂಗಡಿಯ ಮುಂದೆ ತಂದು ನಿಲ್ಲಿಸುತ್ತಾರೆ. ಅವರನ್ನು ನಗೆಪಾಟಲು ಮಾಡಲು ಇದನ್ನು ಬರೆಯುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಆ ಕೆಲಸವನ್ನು ನಾನು ಹಿಂದೆಯೇ ಮಾಡಿ ಮುಗಿಸಿದ್ದೇನೆ. ಬರೆಯುತ್ತಿರುವುದೇ ಅದಕ್ಕಾಗಿ.

ಫುಟ್ಬಾಲ್ ಹುಚ್ಚು ಯಾರಿಗಿಲ್ಲ ಹೇಳಿ? ಆದರೆ ನಮ್ಮ ಬೀಗರ ಹುಚ್ಚಿನ ಜಾತಿಯೇ ಬೇರೆ. ಇಡೀ ಜಗತ್ತು ಬಾಯಿ ಬಿಟ್ಟುಕೊಂಡು ನೋಡುವ ವಿಶ್ವಕಪ್ಪನ್ನು ಅವರು ನೋಡುವುದಿಲ್ಲ. ಫೈನಲ್ ನಡೆಯುವಾಗ ಅವರು ಗೋಣಿಚೀಲ ಹೊಲಿಯುತ್ತಾ ಕೂತಿರುತ್ತಾರೆ. "ಅಲ್ಲಿ ಆಡೋರೆಲ್ಲ ಉಂಡು ತೇಗಿದೋರು ಬೀಗ್ರೇ. ಅವರನ್ನ ಏನ್ ನೋಡಾದು?" ಎನ್ನುತ್ತಾರೆ. ಅವರು ನೋಡುವುದು ವಿಶ್ವಕಪ್ಪಿಗೆ ವರ್ಷಗಳ ಮೊದಲು ಸದ್ದಿಲ್ಲದೆ ನಡೆಯುವ ಮೊದಲ ಅರ್ಹತಾ ಸುತ್ತನ್ನು. ಪಟ್ಟಿಯ ತಳದಲ್ಲಿರುವ ದೇಶಗಳನ್ನು ಜೋಡಿ ಮಾಡಿ ಬಿಡುತ್ತಾರಂತೆ. ಇವರೂರಿನಲ್ಲಿ ಒಂದು ಆಟ, ಅವರೂರಿನಲ್ಲಿ ಒಂದು ಆಟ. ಎರಡರ ಗೋಲು ಸೇರಿಸಿ ನೋಡಿ, ಸೋತವರನ್ನು ಮನೆಗೆ ಕಳಿಸಿಬಿಡುತ್ತಾರೆ. ಆಮೇಲೆ ನಾಲ್ಕು ವರ್ಷ ವಿಶ್ವಕಪ್ಪಿನ ಬಾಗಿಲು ಬಂದ್! ವಿಶ್ವಕಪ್ ಶುರುವಾಗುವ ಹೊತ್ತಿಗೆ ಆ ದೇಶಗಳು ಆಡಿದ್ದವು ಎನ್ನುವುದೂ ಯಾರಿಗೂ ನೆನಪಿರುವುದಿಲ್ಲ, ನಮ್ಮ ಬೀಗರೊಬ್ಬರನ್ನು ಬಿಟ್ಟು.

ಇದು ನನಗೆ ಮೊದಲು ಗೊತ್ತಾದದ್ದು ಮಗನಿಗೆ ಹೆಣ್ಣು ನೋಡಲು ಹೋದ ದಿನ. ಚನ್ನಗಿರಿಯಿಂದ ಟೆಂಪೊ ಮಾಡಿಕೊಂಡು ಎಂಟು ಜನ ಹೋಗಿದ್ದೆವು. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು, ಹೆಣ್ಣಿನ ತಂದೆ ಮಾತ್ರ ಬರಲಿಲ್ಲ. ನೋಡಿದರೆ ಪಡಸಾಲೆಯ ಮೂಲೆಯಲ್ಲಿ ನೀರಿನ ಚೊಂಬಿಗೆ ಫೋನು ಒರಗಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಾರೆ! ನನ್ನ ಹೆಂಡತಿ ಗಾಬರಿಯಾಗಿ, "ಯಾರೋ ಹೋಗ್ಬಿಟ್ರೇನೋ, ನಾವು ಇನ್ನೊಂದಿನ ಬರಾಣ" ಎಂದು ಪಿಸುಗುಟ್ಟಿದಳು. ನಾನು ಹತ್ತಿರ ಹೋಗಿ ಮೆಲ್ಲಗೆ ವಿಚಾರಿಸಿದೆ.

"ಎರಡು ನಿಮಿಷ ತಡೀರಿ ಯಜಮಾನ್ರೇ. ಹುಡುಗಿ ಇಲ್ಲೇ ಇರ್ತಾಳೆ, ಈ ಹುಡುಗ್ರು ಇನ್ನು ನಾಲ್ಕು ವರ್ಷ ಸಿಗಲ್ಲ" ಎಂದರು.

ಇಂಥವರ ಮನೆಯಿಂದ ಹೆಣ್ಣು ತರುವುದೇ ಎಂದು ದಾರಿಯುದ್ದಕ್ಕೂ ಟೆಂಪೊದಲ್ಲಿ ಚರ್ಚೆ ನಡೆಯಿತು. "ಸೋಲೋರಿಗೆ ಅಳೋ ಮನುಷ್ಯ ಮಗಳನ್ನ ಚೆನ್ನಾಗಿ ಬೆಳ್ಸಿರ್ತಾನೆ" ಎಂದಳು ನನ್ನ ಹೆಂಡತಿ. ಅವಳ ಮಾತು ನಿಜವಾಯಿತು. ನನ್ನ ಮಾತುಗಳಲ್ಲಿ ಯಾವುದೂ ನಿಜವಾಗಲಿಲ್ಲ.

ಮದುವೆಯ ಮರುದಿನ ಬೀಗರ ಊಟ. ನನ್ನದು ಬೇಗ ಉಣ್ಣುವ ಕೈ. ಹೋಳಿಗೆ, ಅನ್ನ, ಸಾರು, ಮಜ್ಜಿಗೆ ಎಲ್ಲ ಮುಗಿಸಿ ಏಳಲು ಮೈ ಎತ್ತಿದೆ. ಭುಜದ ಮೇಲೆ ಭಾರವಾದೊಂದು ಕೈ ಬಿತ್ತು.

"ಕೂತ್ಕಳ್ರಿ ಬೀಗ್ರೇ. ಆ ತುದೀಲಿ ನಮ್ಮಜ್ಜಿ ಇನ್ನೂ ಉಣ್ತಾ ಐತೆ."

ತಿರುಗಿ ನೋಡಿದೆ. ಹಲ್ಲಿಲ್ಲದ ಅಜ್ಜಿಯೊಂದು ಒಂದು ಹೋಳಿಗೆಯ ಜೊತೆ ಸಾವಕಾಶವಾಗಿ ಕುಸ್ತಿ ಆಡುತ್ತಿತ್ತು. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿದ್ದರೂ ಉಳಿದವರು ಏಳಬಾರದು, ಎದ್ದರೆ ಉಣ್ಣುವವರ ತುತ್ತು ಗಂಟಲಲ್ಲಿ ನಿಲ್ಲುತ್ತದೆ ಎನ್ನುವುದು ನಮ್ಮ ಕಡೆಯ ಹಳೆಯ ರೂಢಿ. ಈಗ ಯಾರು ಪಾಲಿಸುತ್ತಾರೆ? ನಮ್ಮ ಬೀಗರು ಪಾಲಿಸುತ್ತಾರೆ! ಕೈ ಒಣಗಿ ಅಂಟಂಟಾದರೂ ಇಡೀ ಸಾಲು ಅಜ್ಜಿಯ ದವಡೆಯನ್ನೇ ನೋಡುತ್ತಾ ಕೂತಿತ್ತು. ಕೊನೆಗೂ ಹೋಳಿಗೆ ಸೋತಿತು. ಎಲ್ಲರೂ ಉಸಿರು ಬಿಟ್ಟೆವು. ಅಷ್ಟರಲ್ಲಿ ಅಜ್ಜಿ ತಲೆ ಎತ್ತಿ, "ಇನ್ನೊಂದೀಟು ಪಾಯಸ ಹಾಕ್ರಪ್ಪ" ಎಂದಿತು!

"ನೋಡಿದ್ರಾ? ಫುಟ್ಬಾಲೂ ಹಿಂಗೇ ಬೀಗ್ರೇ" ಎಂದು ಬೀಗರು ನನ್ನ ಕಿವಿಯಲ್ಲಿ ಹೇಳಿದರು. "ಸೋಲ್ತಾ ಇರೋರು ಇನ್ನೂ ಆಡ್ತಾ ಇರ್ತಾರೆ. ನಾವು ಎದ್ದು ಹೋಗ್ಬಾರ್ದು."

ಆಟದ ಹೊತ್ತಿಗೆ ಅವರ ಮನೆಗೆ ಹೋದವರಿಗೆ ಇನ್ನೊಂದು ದೃಶ್ಯ ಮರೆಯಲಾಗದು. ತೊಂಬತ್ತು ನಿಮಿಷ ತುಂಬಿದ ಮೇಲೆ, ನಡುವೆ ಆಟ ನಿಂತ ಹೊತ್ತಿಗೆಂದು ಇನ್ನಷ್ಟು ನಿಮಿಷ ಸೇರಿಸುತ್ತಾರೆ. ಮೈದಾನದ ಅಂಚಿನಲ್ಲಿ ಒಬ್ಬ ಹಲಗೆ ಎತ್ತಿ ಅದನ್ನು ತೋರಿಸುತ್ತಾನೆ. ಬೀಗರ ಮನೆಯಲ್ಲಿ ಬೀಗರೇ ಹಲಗೆ! ಎದ್ದು ಬಂದು, ಎಷ್ಟು ನಿಮಿಷವೋ ಅಷ್ಟು ಬೆರಳು ಎತ್ತಿ ಜಗಲಿಯಲ್ಲಿ ಹರಟುತ್ತಿದ್ದ ನಮಗೆಲ್ಲ ತೋರಿಸಿ, ಅಡುಗೆಮನೆಗೂ ಹೋಗಿ ತೋರಿಸಿ ಬರುತ್ತಿದ್ದರು.

"ಸಾರು ಇಳಿಸಬ್ಯಾಡ, ಇನ್ನೂ ಟೈಮ್ ಐತೆ."

"ಸಾರಿಗೂ ನಿಮ್ಮ ಚೆಂಡಿಗೂ ಏನ್ರೀ ಸಂಬಂಧ?" ಎಂದು ಬೀಗಿತ್ತಿ ಕೇಳಿದರೆ, "ಎರಡೂ ಕುದೀತಾ ಅದಾವೆ" ಎನ್ನುತ್ತಿದ್ದರು.

ಜಗಳೂರಿನಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಬರುವಾಗ ಇನ್ನೊಂದು ಪ್ರಸಂಗ. ಬಸ್ಸಿನಲ್ಲಿ ನನ್ನ ಪಕ್ಕ ಫೋನು ಹಿಡಿದು ಕೂತಿದ್ದ ಬೀಗರು ಇದ್ದಕ್ಕಿದ್ದಂತೆ ನೆಗೆದು ನಿಂತು, "ಹಿಡಿಯೋ! ಹಿಡಿಯೋ ಅವನ್ನ! ಹೋದ, ಹೋದ!" ಎಂದು ಕೂಗಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಗಂಡಸರೆಲ್ಲ ಜೇಬು ಮುಟ್ಟಿಕೊಂಡರು, ಹೆಂಗಸರು ಸರ ಮುಟ್ಟಿಕೊಂಡರು. ಹಿಂದಿನ ಸೀಟಿನವನೊಬ್ಬ ಸುಮ್ಮನೆ ಅನುಮಾನಕ್ಕೆ ಪಕ್ಕದವನ ಕಾಲರನ್ನೇ ಹಿಡಿದುಬಿಟ್ಟ!

"ಯಾರನ್ನ ಹಿಡೀಬೇಕ್ರೀ ಯಜಮಾನ್ರೇ?" ಎಂದ ಕಂಡಕ್ಟರ್.

"ಹತ್ತನೇ ನಂಬರಿನವನ್ನ. ಇನ್ನೇನ್ ಹಿಡೀತೀರಿ, ಗೋಲ್ ಹೊಡ್ದಾಯ್ತು" ಎಂದು ಬೀಗರು ಕುಸಿದು ಕೂತರು.

ನಾನು ಏನು ಮಾಡಿದೆ ಗೊತ್ತೇ? ಕಿಟಕಿಯ ಕಡೆ ಮುಖ ತಿರುಗಿಸಿ, ಈ ಮನುಷ್ಯ ನನಗೆ ಗೊತ್ತೇ ಇಲ್ಲ ಎನ್ನುವಂತೆ ಜಾಲಿಗಿಡಗಳನ್ನು ನೋಡುತ್ತಾ ಕೂತೆ. ಅಲ್ಲಿಂದಲೇ ನನ್ನ ಬುದ್ಧಿ ಕೆಡಲು ಶುರುವಾಯಿತೆಂದು ಕಾಣುತ್ತದೆ. ಚನ್ನಗಿರಿಯ ಕಟ್ಟೆಯ ಮೇಲೆ ಬೀಗರ ಕತೆ ಹೇಳಿದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಸೈಕಲ್ ಅಂಗಡಿ ಇಟ್ಟವನು ನಾನು. ಪಂಕ್ಚರ್ ಹಾಕಿದ್ದಕ್ಕೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ಬೀಗರ ಕತೆಗೆ ತಟ್ಟುತ್ತಿದ್ದರು. ರುಚಿ ಹತ್ತಿಬಿಟ್ಟಿತು.

ಕಳೆದ ಸಲದ ಮೊದಲ ಸುತ್ತು ಬಂತು. ಬೀಗರು ಆ ಸಲ ಮನಸ್ಸು ಕೊಟ್ಟಿದ್ದ ದೇಶದ ಹೆಸರು ಹೇಳಲಾರೆ. ಸೋತವರ ಹೆಸರು ಹಿಡಿದು ನಗಬಾರದು ಎಂಬುದು ಅವರ ಕಟ್ಟಪ್ಪಣೆ. ಬಹಳ ಸಣ್ಣ ದೇಶ ಎಂದುಕೊಳ್ಳಿ. ಕಟ್ಟೆಯಲ್ಲಿ ನಾನು, "ನಮ್ಮ ಸೂಳೆಕೆರೇಲಿ ಮುಳುಗಿಸಿದ್ರೆ ಬಾಲಾನೂ ಕಾಣಲ್ಲ" ಎನ್ನುತ್ತಿದ್ದೆ. ಗೋಲು ಹೊಡೆದೇ ವರ್ಷಗಳಾಗಿದ್ದ ತಂಡ. ಮೊದಲ ಆಟದಲ್ಲಿ ಒಂದೇ ಗೋಲಿನಿಂದ ಸೋತಿದ್ದರು. ಎರಡನೆಯದು ಅವರ ಊರಿನಲ್ಲೇ. ಅಲ್ಲಿ ಸಂಜೆ, ನಮಗೆ ಮಧ್ಯಾಹ್ನ.

ಬೀಗರು ಫೋನಿನ ಮೇಲೆ ಫೋನು ಮಾಡಿದರು. "ಬರಲೇಬೇಕು ಬೀಗ್ರೇ. ಇಷ್ಟು ವರ್ಷ ಒಬ್ನೇ ನೋಡೀನಿ. ಕೊನೇತನಕ ಪಕ್ಕದಲ್ಲಿ ಒಬ್ರು ಕೂತಿದ್ರೆ ಸಾಕು, ಗೆದ್ರೂ ಸರಿ, ಸೋತ್ರೂ ಸರಿ." ಅವರು ನನ್ನಿಂದ ಕೇಳಿದ್ದು ಅಷ್ಟೇ. ಮಗಳನ್ನು ಕೊಟ್ಟ ಮನೆಯವರಿಂದ ಅವರು ಇನ್ನೇನನ್ನೂ ಎಂದೂ ಕೇಳಿದವರಲ್ಲ.

ನಾನು ಒಬ್ಬನೇ ಹೋಗಲಿಲ್ಲ. ತಮಾಷೆ ತೋರಿಸುತ್ತೇನೆ ಬನ್ನಿ ಎಂದು ಕಟ್ಟೆಯ ನಾಲ್ಕೈದು ಜನರನ್ನು ಕಟ್ಟಿಕೊಂಡು ಹೋದೆ! ಬೀಗರಿಗೆ ಅದು ತಿಳಿಯಲಿಲ್ಲ. ಇಷ್ಟು ಜನ ಬಂದರಲ್ಲ ಎಂದು ಹಿರಿಹಿರಿ ಹಿಗ್ಗಿದರು. ಅಂಗಡಿಗೆ ಬಾಗಿಲು ಹಾಕಿ, ಪಡಸಾಲೆಗೆ ಹೊಸ ತಾಡಪಾಲು ಹಾಸಿ, ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಮಾಡಿಸಿದ್ದರು. ಬಾಣಂತನಕ್ಕೆ ತವರಿಗೆ ಬಂದಿದ್ದ ನನ್ನ ಸೊಸೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಒಳಬಾಗಿಲಲ್ಲಿ ಕೂತಿದ್ದಳು.

ಅರ್ಧ ಆಟ ಮುಗಿಯುವ ಹೊತ್ತಿಗೆ ಎದುರಿನವರು ಮೂರು ಗೋಲು ಹೊಡೆದಿದ್ದರು. ಮಂಡಕ್ಕಿ ಮುಗಿದಿತ್ತು. ಬಂದವರು ನನ್ನ ಮುಖ ನೋಡಿದರು. ತಮಾಷೆ ಎಲ್ಲಿ ಎಂದು ಕೇಳುವ ಕಣ್ಣುಗಳು! ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಬೀಗ್ರೇ, ಎಲೆ ಎತ್ತಿಸಿಬಿಡ್ರಿ. ನಿಮ್ಮೋರ ಊಟ ಮುಗೀತು!"

ಪಡಸಾಲೆಯೇ ಹಾರಿಹೋಗುವಂತೆ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಎದ್ದರು. ಬಜ್ಜಿಯ ಎರಡನೇ ತಟ್ಟೆ ಹಿಡಿದು ಬರುತ್ತಿದ್ದ ಬೀಗರು ನಡುಮನೆಯಲ್ಲೇ ನಿಂತರು.

"ಇನ್ನೂ ಆಡ್ತಾ ಅದಾರೆ ರೀ" ಎಂದರು.

"ಆಡ್ಲಿ ಬಿಡ್ರಿ, ನೀವು ನೋಡ್ಕಳ್ರಿ. ನಮಗೆ ಹೊನ್ನಾಳಿ ಬಸ್ಸು ಐತೆ" ಎಂದೆ. ಹೊನ್ನಾಳಿಗೆ ಬಸ್ಸಿಗೇನು ಬರ? ಅದು ಹೋದರೆ ಇನ್ನೊಂದು.

ಬಸ್ಸಿನಲ್ಲಿ ಎಲೆ ಎತ್ತಿಸುವ ಮಾತನ್ನು ಎಷ್ಟು ಸಲ ಹೇಳಿಸಿ ನಕ್ಕರೋ! ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಹೊಳೆಯ ಸೇತುವೆ ದಾಟುವಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬೀಗರದು. ಬೈಯಲು ಮಾಡಿದ್ದಾರೆ ಎಂದುಕೊಂಡೆ. ಬಡಿದುಕೊಳ್ಳಲಿ ಎಂದು ಜೇಬಿಗೇ ಹಾಕಿದೆ. ನಿಂತಿತು. ಮತ್ತೆ ಬಡಿದುಕೊಂಡಿತು. ಆಮೇಲೆ ಬಡಿದುಕೊಳ್ಳಲಿಲ್ಲ.

ಬಾಣಂತನ ಮುಗಿಸಿ ಸೊಸೆ ನಮ್ಮ ಮನೆಗೆ ಬಂದಳು. ನಗುನಗುತ್ತಾ ಇರುವ ಹುಡುಗಿ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಳು. ಒಂದು ದಿನ ಕಾಫಿ ಲೋಟ ಇಟ್ಟು, ಹೋಗದೆ ನಿಂತುಕೊಂಡಳು.

"ಮಾವಾರೆ, ಅವತ್ತು ಅಪ್ಪಾಜಿ ಫೋನ್ ಮಾಡಿದ್ದು ಬೈಯಾಕಲ್ಲ. ಕೊನೇ ನಿಮಿಷದಾಗೆ ಅವರೊಂದು ಗೋಲ್ ಹೊಡೆದ್ರು. ಸೋತೇ ಹೋಗಿದ್ರು, ಆದ್ರೂ ಆ ಊರಿನ ಜನ ಎದ್ದು ಕುಣಿದ್ರು, ಅತ್ರು. ಅಪ್ಪಾಜಿ 'ಬೀಗ್ರೇ!' ಅಂತ ಪಕ್ಕಕ್ಕೆ ತಿರುಗಿದ್ರು. ಬರೀ ತಾಡಪಾಲಿತ್ತು. ಅದನ್ನ ಹೇಳಾಕೆ ಮಾಡಿದ್ರು, ಅಷ್ಟೇ."

ಆ ಕಾಫಿ ನಾನು ಕುಡಿಯಲಿಲ್ಲ.

ನಾಳೆ ಹೋಗಿ ಕೈಹಿಡಿದು ತಪ್ಪಾಯಿತೆನ್ನೋಣ ಎಂದುಕೊಂಡೆ. ಗಂಡಿನ ಕಡೆಯ ಬೀಗ ನಾನು, ನಾನೇ ಬಗ್ಗುವುದೇ ಎಂದು ಇನ್ನೊಂದು ನಾಳೆಗೆ ತಳ್ಳಿದೆ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಬೀಗರು "ಆರಾಮಾ ಬೀಗ್ರೇ?" ಎನ್ನುತ್ತಿದ್ದರು. ಚೆಂಡಿನ ಸುದ್ದಿ ಎತ್ತುತ್ತಿರಲಿಲ್ಲ. ಅವರು ಒಂದು ಸಲ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನನ್ನ ನಾಳೆಗಳು ಹೀಗೆ ಸಾಲುಗಟ್ಟಿ ಹೋಗುತ್ತಿರುವಾಗ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು. ಮಾತು ನಿಂತಿತು.

ಹೋದ ವಾರ ನ್ಯಾಮತಿಗೆ ಹೋಗಿದ್ದೆ. ಅಂಗಡಿಯ ಹಗ್ಗ, ತಾಡಪಾಲು ಹಾಗೇ ತೂಗುತ್ತಿದ್ದವು. ಬೀಗರು ಗೋಡೆಗೆ ಒರಗಿ ಕೂತಿದ್ದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಅವರ ಮುಖ ನೋಡಿದೊಡನೆ ಬಿಚ್ಚಿಹೋದವು. ಬೀಗಿತ್ತಿ ಇಬ್ಬರಿಗೂ ಅಕ್ಕಪಕ್ಕ ತಟ್ಟೆ ಇಟ್ಟರು. ಅನ್ನವನ್ನು ಮೆತ್ತಗೆ ಕಿವುಚಿಟ್ಟಿದ್ದರು. ಬೀಗರು ಎಡಗೈಯಲ್ಲಿ ಚಮಚ ಹಿಡಿದು ಉಣ್ಣತೊಡಗಿದರು. ಒಂದು ತುತ್ತು ಬಾಯಿಗೆ ಹೋದರೆ ಅರ್ಧ ತುತ್ತು ಎದೆಗೆ. ನುಂಗಲು ಎಷ್ಟೋ ಹೊತ್ತು.

ನನ್ನದು ಬೇಗ ಉಣ್ಣುವ ಕೈ ಎಂದೆನಲ್ಲ? ನನ್ನ ತಟ್ಟೆ ಖಾಲಿಯಾಗಿ ಕೈ ಒಣಗಿತ್ತು. ಬೀಗಿತ್ತಿಗೆ ಸಂಕೋಚ. "ನೀವು ಕೈ ತೊಳ್ಕಳ್ರಿ ಅಣ್ಣಾರೆ, ಇವರದ್ದು ಲೇಟಾಗುತ್ತೆ" ಎಂದರು.

ನಾನು ಏಳಲಿಲ್ಲ. ಬೀಗರು ನನ್ನ ಒಣಗಿದ ಕೈಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಚಮಚವನ್ನು ತಟ್ಟೆಯಲ್ಲಿಟ್ಟು, ಎಡಗೈಯನ್ನು ಮೆಲ್ಲಗೆ ಮೇಲೆತ್ತಿ ನಾಲ್ಕು ಬೆರಳು ತೋರಿಸಿದರು. ಸೊಟ್ಟಗಾದ ಬಾಯಿಯ ಒಂದು ಮೂಲೆ ನಕ್ಕಿತು.

ಇನ್ನೂ ಟೈಮ್ ಐತೆ!

"ಆಡ್ರಿ ಬೀಗ್ರೇ, ನಾನೆಲ್ಲೂ ಹೋಗಲ್ಲ" ಎಂದೆ. ಖಾಲಿ ತಟ್ಟೆಯನ್ನು ಬೀಗಿತ್ತಿಯ ಕಡೆ ಸರಿಸಿದೆ.

"ತಂಗ್ಯಮ್ಮಾ, ನನಗೂ ಇನ್ನೊಂದೀಟು ಅನ್ನ ಹಾಕವ್ವ."