ಸೋಮವಾರದ ಪಾಯಸ ಮತ್ತು ನನ್ನ ಎದೆ

ಮೊಮ್ಮಕ್ಕಳೇ ಚಿನ್ಮಯಿ, ತೇಜು, ದೇವರ ಹೆಸರಿನಲ್ಲಿ ತಿಂದ ಸಿಹಿ ಮೈಗೆ ಹತ್ತುವುದಿಲ್ಲ ಎಂಬುದು ನಮ್ಮ ಮನೆಯ ಸಿದ್ಧಾಂತ. ಸಕ್ಕರೆ ಕಾಯಿಲೆಯ ನಾನು ವಾರವೆಲ್ಲ ಕಾಫಿಗೆ ಸಕ್ಕರೆ ಮುಟ್ಟಿಸುವುದಿಲ್ಲ. ಸೋಮವಾರ ಮಾತ್ರ ಶಿವನಿಗಾಗಿ ಒಪ್ಪತ್ತು ಮಾಡಿ, ರಾತ್ರಿ ಊಟ ಬಿಟ್ಟು, ಬೆಲ್ಲದವಲಕ್ಕಿ, ರಸಬಾಳೆ, ಸಬ್ಬಕ್ಕಿ ಪಾಯಸ ತಿನ್ನುತ್ತಿದ್ದೆ. ಅನ್ನ ಮುಟ್ಟಲಿಲ್ಲವಲ್ಲ, ಉಪವಾಸವೇ ಆಯಿತು!

ಈಚೆಗೆ ಹೊಸಹಳ್ಳಿ ಮೆಟ್ರೊ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ವಿಜಯನಗರದ ಡಾಕ್ಟರಮ್ಮ ಎದೆಯ ಸ್ಕ್ಯಾನ್ ಬರೆದುಕೊಟ್ಟರು. "ನೋವೇ ಇಲ್ವಲ್ಲಮ್ಮ?" ಎಂದೆ. "ಶುಗರ್ ಇರೋರಿಗೆ ಎಷ್ಟೋ ಸಲ ನೋವು ಗೊತ್ತೇ ಆಗಲ್ಲ ಅಜ್ಜಿ" ಎಂದು, ಹಳ್ಳಿ ಶಾಲೆಯಲ್ಲಿ ಓದಿದ ನನಗೂ ತಿಳಿಯುವಂತೆ ವಿವರಿಸಿದರು. ರಕ್ತದಲ್ಲಿ ರೋಗದೊಡನೆ ಕಾದಾಡುವ ಕಾವಲು ಕಣಗಳಿವೆಯಂತೆ. ಸಕ್ಕರೆ ಹೆಚ್ಚಾದರೆ ಅವು ಅದನ್ನೇ ಗಬಗಬ ತಿಂದು ರೇಗುತ್ತವಂತೆ. ಶತ್ರುವೇ ಇಲ್ಲದಿದ್ದರೂ ಹೃದಯಕ್ಕೂ ಅದರ ರಕ್ತನಾಳಕ್ಕೂ ನುಗ್ಗಿ ಊತ ತರುತ್ತವಂತೆ. ಆಮೇಲೆ ಸಕ್ಕರೆ ಇಳಿದರೂ ಹಳೆಯ ಸಿಟ್ಟು ಬೇಗ ಬಿಡುವುದಿಲ್ಲವಂತೆ. ನನಗೆ ತಕ್ಷಣ ನಾದಿನಿ ಗಿರಿಜೆ ನೆನಪಾದಳು. ನನ್ನ ಮದುವೆಯಲ್ಲಿ ತನ್ನ ಎಲೆಗೆ ಹಪ್ಪಳ ಬೀಳಲಿಲ್ಲವೆಂದು ಅವಳು ಇಂದಿಗೂ ಹೇಳುತ್ತಾಳೆ.

ಮನೆಗೆ ಬಂದರೆ ಅವಳೇ ಕೂತಿದ್ದಾಳೆ. "ಈ ವಯಸ್ಸಲ್ಲಿ ಎಂಥ ಸ್ಕ್ಯಾನು ಅತ್ತಿಗೆ? ಸುಮ್ನೆ ಹೆದರಿಸ್ತಾರೆ."

ನನ್ನ ಮಗ, ಅಂದರೆ ನಿಮ್ಮಪ್ಪ, "ಹಬ್ಬ ಮುಗೀಲಿ ಬಿಡಮ್ಮ, ನಾನೇ ಕರ್ಕೊಂಡು ಹೋಗ್ತೀನಿ" ಎಂದ.

ನಿಮ್ಮ ತಾತ ನೆನಪಾದರು. ನನಗೆಲ್ಲಿತ್ತೋ ಆ ದನಿ! "ನಿಮ್ಮಪ್ಪಂಗೂ ಹೀಗೇ ಹಬ್ಬ ಮುಗೀಲಿ ಅಂದ್ವಿ ಕಣೋ. ಹಬ್ಬಕ್ಕೆ ಅವರೇ ಇರ್ಲಿಲ್ಲ. ನಾನು ಕಾಯಲ್ಲ" ಎಂದೆ. ಚಪ್ಪಲಿ ಮೆಟ್ಟಿ ಒಬ್ಬಳೇ ಆಟೋ ಹತ್ತಿದೆ. ಸ್ಕ್ಯಾನ್ ನೋಡಿ ಡಾಕ್ಟರಮ್ಮ ಹೇಳಿದರು, ಹೃದಯ ಬಿಗಿಯಾಗತೊಡಗಿದೆಯಂತೆ, ಬೇಗ ಬಂದದ್ದರಿಂದ ಮಾತ್ರೆ, ಪಥ್ಯದಲ್ಲಿ ಹಿಡಿದು ನಿಲ್ಲಿಸಬಹುದಂತೆ. ಮಾತ್ರೆ ನುಂಗುವವರು ಊಟ ಬಿಡಲೂಬಾರದಂತೆ.

ಮುಂದಿನ ಸೋಮವಾರ ಗಿರಿಜೆ ಪಾಯಸದ ಬಟ್ಟಲು ಹಿಡಿದು ಬಂದಳು. "ಶಿವನ ಪಾಯಸ ಬೇಡ ಅಂತೀರಾ?"

"ಶಿವನಿಗೆ ಶುಗರ್ ಇಲ್ಲ ಕಣೇ, ಅವನಿಗೇ ಇಡು" ಎಂದು ನಾನು ರೊಟ್ಟಿ, ಸೊಪ್ಪಿನ ಪಲ್ಯಕ್ಕೆ ಕೂತೆ.

ಮಕ್ಕಳೇ, ನಡೆದದ್ದನ್ನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ. "ನಾನೇ ಗದರಿಸಿ ಅತ್ತಿಗೇನ ಸ್ಕ್ಯಾನ್‌ಗೆ ಕಳಿಸಿದ್ದು" ಎಂದು ಗಿರಿಜೆ ನಿನ್ನೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ನಾನು ಅಲ್ಲೇ ನಿಂತು ಹೌದೆಂದು ತಲೆಯಾಡಿಸಿದೆ.